ಕಡಲಿಗೂ ಬಿಡಾರಕ್ಕೂ ನಡುವೆ

ಅಮೆರಿಕದ ಆರೆಗನ್ ರಾಜ್ಯದಲ್ಲಿ ಉತ್ತರದ ಅಸ್ಟೋರಿಯಾದಿಂದ ದಕ್ಷಿಣದ ಬ್ರೂಕಿಂಗ್ಸ್‌ವರೆಗೆ ಹೈವೇ 101 ಶಾಂತಸಾಗರದ ಮಗ್ಗುಲಲ್ಲೇ ಇಳಿಯುತ್ತದೆ. ಆ ಕರಾವಳಿಯ ಉದ್ದ 363 ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 584 ಕಿಲೋಮೀಟರ್. ಹಟ ಹಿಡಿದು ಓಡಿಸಿದರೆ ಒಂದು ದೀರ್ಘ ಹಗಲಿನಲ್ಲಿ ಮುಗಿದುಹೋಗುವ ದಾರಿ ಅದು. ಆದರೆ ಮಲಗುವ ಹಾಸಿಗೆ, ಅಡಿಗೆಯ ಒಲೆ, ಸ್ನಾನದ ನೀರು ಎಲ್ಲವನ್ನೂ ಆರ್‌ವಿ ಎಂಬ ಒಂದೇ ಬಂಡಿಯಲ್ಲಿ ಹೇರಿಕೊಂಡು ಹೊರಟವರಿಗೆ ಓಟ ಮುಖ್ಯವಲ್ಲ. ಮಧ್ಯಾಹ್ನ ಊಟವಾಗುತ್ತಿದ್ದಂತೆ ಎಲ್ಲರ ಮನಸ್ಸಿನಲ್ಲೂ ಏಳುವ ಪ್ರಶ್ನೆ ಒಂದೇ: ಇವತ್ತು ರಾತ್ರಿ ಎಲ್ಲಿ ತಂಗುವುದು?

ಈ ಪ್ರಶ್ನೆಗೆ ಉತ್ತರ ಹುಡುಕುವುದು ಬರೀ ವ್ಯವಸ್ಥೆಯ ಮಾತು ಎಂದು ಹೊರಡುವ ಮೊದಲು ನನಗನ್ನಿಸಿತ್ತು. ದಾರಿ ಸವೆದಂತೆ ಅದೇ ಪ್ರವಾಸದ ತಿರುಳಾಯಿತು. ಎಲ್ಲಿ ತಂಗುತ್ತೇವೆ ಎನ್ನುವುದರ ಮೇಲೆ ಕಡಲು ನಮಗೆ ಹೇಗೆ ಸಿಗುತ್ತದೆ, ಯಾರ ಜೊತೆ ಸಿಗುತ್ತದೆ, ಎಷ್ಟು ಕಾಲ ಸಿಗುತ್ತದೆ ಎಂಬುದೆಲ್ಲ ನಿಂತಿದೆ.

ನಮ್ಮ ಮಗಳು, ಅಳಿಯ ಇರುವುದು ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋದಲ್ಲಿ. ಇಂಟೆಲ್ ಕಾರ್ಖಾನೆಗಳಿಂದ ಬೆಳೆದ ಊರು. ಹಬ್ಬ ಬಂದರೆ ಕನ್ನಡದ ಮನೆಗಳೆಲ್ಲ ಒಂದೆಡೆ ಸೇರುವಷ್ಟು ನಮ್ಮವರು ಅಲ್ಲಿದ್ದಾರೆ. ಅವರಲ್ಲಿ ಬಹಳ ಮಂದಿಗೆ ಬೇಸಿಗೆಯ ಕ್ಯಾಂಪಿಂಗ್ ಎಂದರೆ ಈಗ ಊರಿನ ಜಾತ್ರೆಯಷ್ಟೇ ಖಾಯಂ ಸಂಗತಿ. ನಮ್ಮ ಪ್ರವಾಸ ಶಾಲೆಗಳು ಶುರುವಾಗಿ ಜನಸಂದಣಿ ಇಳಿದಿದ್ದ ಸೆಪ್ಟೆಂಬರಿನಲ್ಲಿ. ಆದರೆ ಮಗಳು ಅದರ ಕೆಲಸ ಹಿಡಿದದ್ದು ಮಾರ್ಚಿನಲ್ಲೇ. ರಾಜ್ಯದ ಉದ್ಯಾನಗಳಲ್ಲಿ ಆರು ತಿಂಗಳು ಮೊದಲೇ ಜಾಗ ಕಾದಿರಿಸಬಹುದು. ಕಡಲ ಬದಿಯ ಒಳ್ಳೆಯ ಜಾಗಗಳು, ಅದರಲ್ಲೂ ಶುಕ್ರವಾರ, ಶನಿವಾರದವು, ಬಾಗಿಲು ತೆರೆದ ಕೂಡಲೇ ಹೋಗಿಬಿಡುತ್ತವೆ.

ಆ ದಾರಿಯಲ್ಲಿ ತಂಗಲು ಹಲವು ಬಗೆಯ ತಾಣಗಳಿವೆ. ರಾಜ್ಯ ಸರ್ಕಾರದ ಉದ್ಯಾನಗಳು, ಕೇಂದ್ರದ ಅರಣ್ಯ ಇಲಾಖೆಯ ಕ್ಯಾಂಪ್‌ಗ್ರೌಂಡ್‌ಗಳು, ಕೌಂಟಿ ನಡೆಸುವವು, ಬಂದರು ಮಂಡಳಿಗಳು ದೋಣಿಕಟ್ಟೆಯ ಪಕ್ಕದಲ್ಲಿ ನಡೆಸುವವು, ಮೂಲನಿವಾಸಿ ಬುಡಕಟ್ಟುಗಳ ಒಡೆತನದವು, ಕೊನೆಗೆ ಖಾಸಗಿ ಆರ್‌ವಿ ಪಾರ್ಕ್‌ಗಳು. ಇವುಗಳಲ್ಲಿ ಆರಿಸುವಾಗ ಮೊದಲು ಮಾತಾಡುವುದು ನಮ್ಮ ಆಸೆಯಲ್ಲ, ಬಂಡಿ. ನಾವು ಬಾಡಿಗೆಗೆ ಪಡೆದದ್ದು ಚಾಲಕನ ತಲೆಯ ಮೇಲೂ ಒಂದು ಹಾಸಿಗೆ ಇರುವ, ಸುಮಾರು 25 ಅಡಿ ಉದ್ದದ ಕ್ಲಾಸ್ ಸಿ ಆರ್‌ವಿ. ಪ್ರತಿ ಜಾಗಕ್ಕೂ ಇಂತಿಷ್ಟು ಅಡಿ ಎಂದು ಉದ್ದ ನಮೂದಾಗಿರುತ್ತದೆ. ಬಂಡಿ ಅದಕ್ಕಿಂತ ಉದ್ದವಾದರೆ ಮೂತಿ ರಸ್ತೆಗೆ ಚಾಚಿಕೊಳ್ಳುತ್ತದೆ. ಕೆಲವು ಜಾಗಗಳಿಗೆ ಹಿಮ್ಮುಖವಾಗಿ ಸರಿದು ಸೇರಬೇಕು, ಕೆಲವಕ್ಕೆ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬೀಳಬಹುದು.

ಎರಡನೆಯದು ಹುಕ್‌ಅಪ್. ವಿದ್ಯುತ್ತು, ನೀರು, ಒಳಚರಂಡಿ ಮೂರೂ ನಿಂತ ಜಾಗಕ್ಕೇ ಬಂದರೆ ಅದು ಫುಲ್ ಹುಕ್‌ಅಪ್. ಕೆಲವೆಡೆ ವಿದ್ಯುತ್ತು ಮತ್ತು ನೀರು ಮಾತ್ರ. ನಮ್ಮಂಥ ಬಂಡಿಗೆ 30 ಆಂಪಿಯರ್ ಸಾಕು. ಬಸ್ಸಿನಷ್ಟು ದೊಡ್ಡ ಕ್ಲಾಸ್ ಎ ಬಂಡಿಗಳು 50 ಕೇಳುತ್ತವೆ. ಪಾತ್ರೆ ತೊಳೆದ, ಮಿಂದ ನೀರು ಗ್ರೇ ಟ್ಯಾಂಕಿಗೆ, ಶೌಚದ್ದು ಬ್ಲ್ಯಾಕ್ ಟ್ಯಾಂಕಿಗೆ. ಇವೆರಡೂ ತುಂಬುವ ಮೊದಲು ಡಂಪ್ ಸ್ಟೇಷನ್ ಇರುವ ತಾಣ ತಲುಪಬೇಕು. ಬಳಸಿದ ಪ್ರತಿ ತಂಬಿಗೆ ನೀರೂ ಎಲ್ಲೋ ಹೋಗಿ ಸೇರಬೇಕು ಎಂಬುದನ್ನು ಮನೆಯಲ್ಲಿ ನಲ್ಲಿ ತಿರುಗಿಸುವಾಗ ನಾವು ನೆನೆಯುವುದಿಲ್ಲ. ಆರ್‌ವಿ ಅದನ್ನು ದಿನವೂ ನೆನಪಿಸುತ್ತದೆ. ಆ ಶಿಸ್ತು ನನಗೆ ಹಿಡಿಸಿತು.

ಮೊದಲ ಬಿಡಾರ ಕೊಲಂಬಿಯಾ ನದಿ ಕಡಲು ಸೇರುವಲ್ಲಿನ ಫೋರ್ಟ್ ಸ್ಟೀವನ್ಸ್‌ನಲ್ಲಿ. ಸುಮಾರು 500 ಜಾಗಗಳಿರುವ ಈ ಕ್ಯಾಂಪ್‌ಗ್ರೌಂಡ್ ದೇಶದ ಅತಿ ದೊಡ್ಡವುಗಳಲ್ಲಿ ಒಂದು. ಅಷ್ಟು ದೊಡ್ಡದೆಂದಾಗ ಗದ್ದಲದ ಭಯವಿತ್ತು. ಒಳಗೆ ಹೋದರೆ ಮರಗಳ ನಡುವೆ ಸುತ್ತು ಸುತ್ತಾಗಿ ಬಿಡಿಸಿದ ದಾರಿಗಳು. ಒಂದೊಂದು ಸುತ್ತಿಗೂ ಒಂದೊಂದು ಅಕ್ಷರದ ಹೆಸರು. ಪಕ್ಕದ ಬಂಡಿ ಪೊದೆಗಳ ಮರೆಯಲ್ಲಿ. ಸಂಜೆ ಮಕ್ಕಳು ಸೈಕಲ್ಲಿನಲ್ಲಿ ಸುತ್ತು ಹಾಕುವ ಸದ್ದು, ಸೌದೆ ಉರಿಯುವ ಚಟಪಟ. ರಾತ್ರಿ ಹತ್ತರ ನಂತರ ಮೌನ ಎಂಬ ನಿಯಮವನ್ನು ಜನ ತಾವಾಗಿಯೇ ಪಾಲಿಸುತ್ತಾರೆ.

ಅಲ್ಲಿಂದ ಮರಳಿಗೆ ಹೋದರೆ ಪೀಟರ್ ಐರೆಡೇಲ್ ಎಂಬ ಹಡಗಿನ ಅಸ್ಥಿಪಂಜರ. ನಾಲ್ಕು ಕೂವೆಗಳ ಈ ಉಕ್ಕಿನ ಹಾಯಿಹಡಗು 1906ರ ಅಕ್ಟೋಬರಿನಲ್ಲಿ ಇಲ್ಲಿ ನೆಲ ಕಚ್ಚಿತು. ಯಾರ ಜೀವವೂ ಹೋಗಲಿಲ್ಲ. ತುಕ್ಕು ತಿಂದ ಪಕ್ಕೆಲುಬುಗಳ ನಡುವೆ ಇಂದಿಗೂ ನೀರು ಹರಿದಾಡುತ್ತದೆ. 1942ರ ಜೂನ್‌ನಲ್ಲಿ ಜಪಾನಿನ ಐ-25 ಎಂಬ ಜಲಾಂತರ್ಗಾಮಿ ಫೋರ್ಟ್ ಸ್ಟೀವನ್ಸ್‌ನ ಕೋಟೆಯ ಮೇಲೆಯೇ ಗುಂಡು ಹಾರಿಸಿತ್ತು. ಕೋಟೆಯ ಕಾಂಕ್ರೀಟು ಫಿರಂಗಿ ಕಟ್ಟೆಗಳ ಮೇಲೆ ಈಗ ಕುಟುಂಬಗಳು ಹತ್ತಿ ಇಳಿಯುತ್ತವೆ.

ಮರುದಿನ ಕ್ಯಾನನ್ ಬೀಚ್ ದಾಟುವಾಗ, ಈ ಕರಾವಳಿಯಲ್ಲಿ ತಂಗುವ ಪ್ರತಿಯೊಬ್ಬರೂ ತಿಳಿದಿರಬೇಕಾದ ಕಥೆಯೊಂದು ಎದುರಾಗುತ್ತದೆ. ಹೈವೇ ಬರುವ ಮೊದಲು ಇಲ್ಲಿ ಊರಿಂದೂರಿಗೆ ಹೋಗಲು ಜನ ಮರಳನ್ನೇ ರಸ್ತೆ ಮಾಡಿಕೊಂಡಿದ್ದರು. ಇಳಿತದ ಹೊತ್ತು ನೋಡಿ ಗಾಡಿ ಹೊಡೆಯುತ್ತಿದ್ದರು. 1913ರಲ್ಲಿ ಗವರ್ನರ್ ಆಸ್ವಾಲ್ಡ್ ವೆಸ್ಟ್ ಇದನ್ನೇ ಆಧಾರ ಮಾಡಿಕೊಂಡು, ಒದ್ದೆ ಮರಳಿನ ಪಟ್ಟಿಯನ್ನು ಸಾರ್ವಜನಿಕ ಹೆದ್ದಾರಿ ಎಂದು ಶಾಸನ ಮಾಡಿಸಿದರು. ರಸ್ತೆಯನ್ನು ಯಾರೂ ಕೊಂಡುಕೊಳ್ಳಲಾಗದಲ್ಲ! ಆದರೆ ಒಣ ಮರಳಿನ ಮಾತು ಬಾಕಿ ಉಳಿಯಿತು. 1966ರಲ್ಲಿ ಕ್ಯಾನನ್ ಬೀಚ್‌ನ ಮೋಟೆಲ್ ಮಾಲೀಕರೊಬ್ಬರು ತಮ್ಮ ಕಟ್ಟಡದ ಮುಂದಿನ ಒಣ ಮರಳಿಗೆ ಬೇಲಿ ಹಾಕಿ ತಮ್ಮ ಅತಿಥಿಗಳಿಗೆ ಮಾತ್ರ ಮೀಸಲಿಟ್ಟರು. ಜನ ಕೆರಳಿದರು. ಗವರ್ನರ್ ಟಾಮ್ ಮೆಕಾಲ್ 1967ರ ಮೇ ತಿಂಗಳಲ್ಲಿ ಹೆಲಿಕಾಪ್ಟರಿನಲ್ಲಿ ಭೂಮಾಪಕರನ್ನು ಕರೆದುಕೊಂಡು ಅದೇ ದಂಡೆಗೆ ಬಂದಿಳಿದು, ಸಾರ್ವಜನಿಕರ ಹಕ್ಕು ಎಲ್ಲಿಯವರೆಗೆ ಬರಬೇಕೆಂದು ಮರಳಿನ ಮೇಲೆಯೇ ತೋರಿಸಿದರು. ಜುಲೈ 6ರಂದು ಬೀಚ್ ಮಸೂದೆಗೆ ಸಹಿ ಬಿತ್ತು. ನೀರಿನ ಅಂಚಿನಿಂದ ಹುಲ್ಲು, ಗಿಡ ಹುಟ್ಟುವ ಗೆರೆಯವರೆಗೆ ಮರಳಿನ ಮೇಲೆ ನಡೆಯುವ, ಕೂರುವ, ಆಡುವ ಹಕ್ಕು ಎಲ್ಲರದೂ ಆಯಿತು. ವಿವಾದ ನ್ಯಾಯಾಲಯಕ್ಕೂ ಹೋಯಿತು. 1969ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ರೂಢಿಯನ್ನು ಆಧಾರವಾಗಿ ಹಿಡಿದು ಜನರ ಪರ ತೀರ್ಪು ಕೊಟ್ಟಿತು. ಮೂಲನಿವಾಸಿಗಳ ಕಾಲದಿಂದಲೂ ಈ ಮರಳನ್ನು ಎಲ್ಲರೂ ಬಳಸುತ್ತಲೇ ಬಂದಿದ್ದಾರೆ. ಆ ಬಳಕೆಯೇ ಹಕ್ಕಿಗೆ ಆಧಾರ ಎಂಬುದು ಆ ತೀರ್ಪಿನ ಸಾರ.

ಕುಂದಾಪುರದ ಕಡೆ ಬೆಳೆದ ನನಗೆ ಈ ಮಾತು ಸಲೀಸಾಗಿ ಅರ್ಥವಾಯಿತು. ಕೈರಂಪಣಿ ಬಲೆ ಎಳೆಯಲು ಇಡೀ ಊರೇ ಮರಳಿಗಿಳಿಯುತ್ತಿದ್ದಾಗ ಆ ಮರಳು ಯಾರದೆಂದು ಯಾರೂ ಕೇಳಿದ್ದಿಲ್ಲ. ದೋಣಿ ಎಳೆದಿಡಲು, ಬಲೆ ಒಣಗಿಸಲು, ಮೀನು ಹರವಲು ರೂಢಿಯೇ ಸಾಕಿತ್ತು. ಭಾರತದಲ್ಲಿ 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂದು, ಕಡಲಂಚಿನಲ್ಲಿ ಏನು ಕಟ್ಟಬಹುದು, ಏನು ಕೂಡದು ಎಂದು ಗೆರೆ ಎಳೆಯಿತು. ಆಮೇಲೆ ಅದು ಮತ್ತೆ ಮತ್ತೆ ತಿದ್ದುಪಡಿಯಾಗಿದೆ. ಒಂದು ಹಕ್ಕು ರೂಢಿಯಲ್ಲಿದ್ದರೆ ಸಾಲದು. ಅದಕ್ಕೆ ಬೇಲಿ ಬೀಳುವ ದಿನ ಅದನ್ನು ಬರೆದು ಕಾಪಾಡುವ ಗಟ್ಟಿ ಮನಸ್ಸೂ ಬೇಕು. ಆರೆಗನ್ನಿನವರು ಸಕಾಲಕ್ಕೆ ಆ ಮನಸ್ಸು ಮಾಡಿದರು.

ಹಕ್ಕನ್ನು ಬರೆದಿಟ್ಟವರ ಜೊತೆ, ಅದಕ್ಕೆ ನೆಲ ಕೂಡಿಸಿದವರನ್ನೂ ನೆನೆಯಬೇಕು. 1929ರಿಂದ 1950ರವರೆಗೆ ರಾಜ್ಯದ ಉದ್ಯಾನಗಳ ಮೊದಲ ಮೇಲ್ವಿಚಾರಕರಾಗಿದ್ದ ಸ್ಯಾಮ್ಯುಯೆಲ್ ಬೋರ್ಡ್‌ಮನ್ ಕಡಲ ಬದಿಯ ಜಮೀನನ್ನು ತುಂಡು ತುಂಡಾಗಿ ಕೊಂಡು, ಕಾಡಿ ಬೇಡಿ ದಾನ ಪಡೆದು ರಾಜ್ಯಕ್ಕೆ ಸೇರಿಸಿದರು. ಇವತ್ತು ಪ್ರತಿ ಕೆಲವು ಮೈಲಿಗೊಂದು ಉದ್ಯಾನ ಸಿಗುವುದು, ನಮ್ಮಂಥವರು ದುಬಾರಿ ರೆಸಾರ್ಟಿಗೆ ಹೋಗದೆ ಕಡಲ ಸದ್ದು ಕೇಳುತ್ತ ಮಲಗಬಹುದಾದದ್ದು ಅವರ ದೂರದೃಷ್ಟಿಯ ಫಲ.

ಆಸ್ವಾಲ್ಡ್ ವೆಸ್ಟ್ ಅವರ ಹೆಸರಿನ ಉದ್ಯಾನದಲ್ಲಿ ಒಂದು ಕಾಲಕ್ಕೆ ಹಳೆಯ ಸ್ಪ್ರೂಸ್ ಮರಗಳ ಕೆಳಗೆ ಡೇರೆ ಹಾಕಬಹುದಿತ್ತು. ಜನ ಸಾಮಾನನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಒಳಗೆ ಹೋಗುತ್ತಿದ್ದರು. 2008ರಲ್ಲಿ ಭಾರೀ ಮರವೊಂದು ಉರುಳಿದ ಮೇಲೆ ಅಲ್ಲಿ ರಾತ್ರಿ ತಂಗುವುದನ್ನು ನಿಲ್ಲಿಸಿದರು. ಹಗಲು ನಡೆದು ಬರಲು ಅಡ್ಡಿಯಿಲ್ಲ. ನಾವು ಅಲ್ಲಿ ನಡೆದಾಡಿ, ದಕ್ಷಿಣಕ್ಕಿರುವ ನೆಹೇಲಮ್ ಬೇ ಉದ್ಯಾನಕ್ಕೆ ಹೋಗಿ ಬಂಡಿ ನಿಲ್ಲಿಸಿದೆವು.

ನೆಹೇಲಮ್ ಬೇ ಇರುವುದು ಕಡಲಿಗೂ ಕೊಲ್ಲಿಗೂ ನಡುವೆ ಚಾಚಿಕೊಂಡ ನಾಲ್ಕು ಮೈಲಿಯ ಮರಳು ನಾಲಿಗೆಯ ಮೇಲೆ. ಮರವಂತೆಯಲ್ಲಿ ಸೌಪರ್ಣಿಕೆಗೂ ಅರಬ್ಬೀ ಸಮುದ್ರಕ್ಕೂ ನಡುವೆ ಹೆದ್ದಾರಿ ಹಾದುಹೋಗುವುದನ್ನು ನೋಡಿದವರಿಗೆ ಅಂಥ ನೆಲದ ರುಚಿ ಗೊತ್ತು. ಆದರೆ ನಮ್ಮ ಬಂಡಿ ನಿಂತ ಜಾಗದಿಂದ ಕಡಲು ಕಾಣಲಿಲ್ಲ. ಎದುರಿಗೆ ಕುಳ್ಳಗಿನ ಶೋರ್ ಪೈನ್ ಮರಗಳು, ಅವುಗಳಾಚೆ ಹುಲ್ಲು ಹೊದ್ದ ಮರಳದಿಬ್ಬ. ಅದನ್ನೇರಿದರೆ ಮಾತ್ರ ನೀರು.

ಈ ಅಂತರದ ಬೆಲೆ ಅಲ್ಲಿ ಮಧ್ಯಾಹ್ನದ ಹೊತ್ತಿಗೆ ತಿಳಿಯಿತು. ಬೇಸಿಗೆಯಲ್ಲಿ ಆ ಕರಾವಳಿಗೆ ಗಾಳಿ ಬೀಸುವುದು ವಾಯುವ್ಯದಿಂದ. ಬೆಳಿಗ್ಗೆ ಮಂಜು, ಮಧ್ಯಾಹ್ನವಾಗುತ್ತಲೇ ಮರಳನ್ನೆತ್ತಿ ಕಣ್ಣಿಗೆ ಎರಚುವ ಗಾಳಿ. ದಿಬ್ಬದ ಮೇಲೆ ನಿಂತರೆ ಮಾತು ಕೇಳುವುದಿಲ್ಲ. ಇಳಿದು ಇತ್ತ ಬಂದರೆ ಒಲೆಯ ಮೇಲಿನ ಚಹಾ ನಿಶ್ಚಿಂತೆಯಿಂದ ಕುದಿಯುತ್ತದೆ. ಚಳಿಗಾಲದ ಬಿರುಗಾಳಿ ನೈರುತ್ಯದಿಂದ ನುಗ್ಗುತ್ತದೆ. ಆಗಲೂ ಕಾಪಾಡುವುದು ಅದೇ ದಿಬ್ಬ, ಅವೇ ಮರಗಳು. ಜಾಗ ಆರಿಸುವಾಗ ಚಿತ್ರದಲ್ಲಿನ ನೀಲಿ ನೀರನ್ನು ನೋಡುವ ಮೊದಲು ಗಾಳಿಯ ದಿಕ್ಕು, ನಡುವಿನ ಮರೆ ಇವೆರಡನ್ನು ನೋಡಬೇಕು. ಭೂಶಿರಗಳ ದಕ್ಷಿಣ ಮಗ್ಗುಲು, ಗುಡ್ಡಗಳ ನಡುವಿನ ಕೊಳ್ಳಗಳು ಬೇಸಿಗೆಯಲ್ಲಿ ಬೆಚ್ಚಗಿರುತ್ತವೆ. ಮುಂದೆ ಹಂಬಗ್ ಮೌಂಟನ್ ಉದ್ಯಾನದಲ್ಲಿ ಇದನ್ನು ಮೈಯಾರೆ ಕಂಡೆವು. ಕಡಲಿನಿಂದ ನೇರ 1,756 ಅಡಿ ಏಳುವ ಆ ಬೆಟ್ಟದ ಬುಡದಲ್ಲಿ, ಕಾಡುಗುಡ್ಡಗಳ ಮಡಿಲಲ್ಲಿ ಸ್ವೆಟರ್ ತೆಗೆದಿಟ್ಟು ಕೂರುವಷ್ಟು ಹಿತವಿತ್ತು.

ಕೇಪ್ ಲುಕ್‌ಔಟ್‌ನಲ್ಲಿ ಅದೇ ಅಂತರದ ಇನ್ನೊಂದು ಮುಖ ಕಂಡಿತು. 1990ರ ದಶಕದ ಕೊನೆಯ ಚಳಿಗಾಲಗಳ ಬಿರುಗಾಳಿಗಳು ಅಲ್ಲಿನ ದಿಬ್ಬವನ್ನು ಕೊರೆದು ಕ್ಯಾಂಪ್‌ಗ್ರೌಂಡಿನ ಹೊಸ್ತಿಲಿಗೇ ಬಂದಿದ್ದವು. ಕಾಂಕ್ರೀಟಿನ ಗೋಡೆ ಕಟ್ಟುವ ಬದಲು, ಉರುಟು ಕಲ್ಲುಗಳ ಇಳಿಜಾರು ಒಡ್ಡು ಹಾಕಿ, ಅದರ ಹಿಂದೆ ಮರಳು ಚೀಲಗಳ ಕೃತಕ ದಿಬ್ಬವೊಂದನ್ನು ಎಬ್ಬಿಸಿದರು. ಅಲೆ ಬಂದಾಗ ಆ ಕಲ್ಲುಗಳು ಹೊರಳುತ್ತವೆ, ಜಾಗ ಬದಲಿಸುತ್ತವೆ, ಹಾಗೆ ಹೊರಳುತ್ತಲೇ ಅಲೆಯ ಬಲವನ್ನು ಹೀರಿಕೊಳ್ಳುತ್ತವೆ. ಉಳ್ಳಾಲದಿಂದ ಮರವಂತೆಯವರೆಗೆ ಕಡಲ್ಕೊರೆತಕ್ಕೆ ಸುರಿದ ಬಂಡೆಗಳ ರಾಶಿಯನ್ನು ನೋಡುತ್ತ ಬಂದ ನಾನು ಆ ಒಡ್ಡಿನ ಮೇಲೆ ಬಹಳ ಹೊತ್ತು ನಿಂತೆ.

ಬೆವರ್ಲಿ ಬೀಚ್‌ನಲ್ಲಿ ಬಿಡಾರ ಇರುವುದು ಹೈವೇಯ ಒಳಮಗ್ಗುಲಲ್ಲಿ, ಸಣ್ಣ ತೊರೆಯೊಂದರ ಪಕ್ಕದ ಕಾಡಿನಲ್ಲಿ. ಕಡಲಿಗೆ ಹೋಗಬೇಕಾದರೆ ರಸ್ತೆಯ ಅಡಿಯಿಂದ ನಡೆದು ಹೋಗುವ ದಾರಿಯಿದೆ. ಇಲ್ಲಿ ಒಂದು ನೋವಿನ ಚರಿತ್ರೆಯೂ ಇದೆ. 1964ರ ಮಾರ್ಚ್ 27ರಂದು, ಗುಡ್ ಫ್ರೈಡೆಯ ಸಂಜೆ, ಅಲಾಸ್ಕಾದಲ್ಲಿ ಭಾರೀ ಭೂಕಂಪವಾಯಿತು. ಆ ರಾತ್ರಿ ಅದರ ಸುನಾಮಿ ಅಲೆ ಇಲ್ಲಿಗೂ ಬಂದು, ಮರಳಿನ ಮೇಲೆಯೇ ಮಲಗಿದ್ದ ಒಂದು ಕುಟುಂಬದ ನಾಲ್ಕು ಮಕ್ಕಳನ್ನು ಒಯ್ದಿತು. ಅದಕ್ಕಿಂತ ದೊಡ್ಡ ಅಪಾಯ ಈ ಕರಾವಳಿಯ ಹತ್ತಿರದಲ್ಲೇ, ಕಡಲ ತಳದ ಕ್ಯಾಸ್ಕೇಡಿಯಾ ಬಿರುಕಿನಲ್ಲಿ ಮಲಗಿದೆ. 1700ರ ಜನವರಿ 26ರ ರಾತ್ರಿ ಅದು ಜಾರಿದಾಗ ಎದ್ದ ಅಲೆ ಸಾಗರ ದಾಟಿ ಜಪಾನಿನ ದಂಡೆಗೆ ಬಡಿಯಿತು. ಅಲ್ಲಿನ ದಾಖಲೆಗಳಿಂದಲೇ ಆ ದಿನಾಂಕ ಗೊತ್ತಾದದ್ದು.

ಹಾಗಾಗಿ ಹೈವೇ 101ರುದ್ದಕ್ಕೂ ಸುನಾಮಿ ವಲಯ ಶುರುವಾಯಿತು, ಮುಗಿಯಿತು ಎನ್ನುವ ಫಲಕಗಳಿವೆ. ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಎತ್ತರಕ್ಕೆ ಓಡುವ ದಾರಿಯ ನಕ್ಷೆ ಇರುತ್ತದೆ. ನೆಲ ಬಹಳ ಹೊತ್ತು ನಡುಗಿದರೆ ಸೈರನ್ನಿಗೆ ಕಾಯದೆ, ಬಂಡಿಯನ್ನು ಬಿಟ್ಟು, ಕಾಲ್ನಡಿಗೆಯಲ್ಲೇ ಎತ್ತರ ಸೇರಬೇಕು. ಪ್ರತಿ ತಾಣಕ್ಕೆ ಬಂದ ಮೇಲೂ ಅಳಿಯ ಮೊದಲು ಮಾಡುತ್ತಿದ್ದ ಕೆಲಸ ಆ ದಾರಿಯಲ್ಲಿ ಮೊಮ್ಮಗನನ್ನು ಒಮ್ಮೆ ನಡೆಸಿಕೊಂಡು ಬರುವುದು. ಸಣ್ಣವನಿಗೆ ಅದು ಆಟವಾಗಿತ್ತು. ಆ ಅಭ್ಯಾಸವನ್ನು ಕರಾವಳಿಯಲ್ಲಿ ತಂಗುವ ಪ್ರತಿ ಕುಟುಂಬವೂ ಮಾಡಿಕೊಳ್ಳಬೇಕು.

ನ್ಯೂಪೋರ್ಟಿನಲ್ಲಿ ಯಾಕ್ವಿನಾ ಕೊಲ್ಲಿಯ ಮೇಲೆ ಹಸಿರು ಕಮಾನಿನ ಸೇತುವೆ. ಕಾಂಡೆ ಮೆಕಲ್ಲೋ ಎಂಬ ಎಂಜಿನಿಯರ್ ವಿನ್ಯಾಸ ಮಾಡಿದ ಐದು ದೊಡ್ಡ ಸೇತುವೆಗಳು 1936ರಲ್ಲಿ ಮುಗಿದ ಮೇಲೆಯೇ ಈ ದಾರಿ ತಾರಿದೋಣಿಗಳ ಹಂಗಿನಿಂದ ಬಿಡುಗಡೆಯಾಯಿತು. ಸೇತುವೆ ಕಾಣುವಂತೆ ಬಂದರು ಮಂಡಳಿಯ ಆರ್‌ವಿ ಪಾರ್ಕ್ ಇದೆ. ಡಾಂಬರಿನ ನೆಲ, ಸಾಲು ಸಾಲು ಬಂಡಿಗಳು, ಮರ ಕಡಿಮೆ. ಆದರೆ ಫುಲ್ ಹುಕ್‌ಅಪ್, ಬಿಸಿನೀರು, ಬಟ್ಟೆ ಒಗೆಯುವ ಯಂತ್ರ ಎಲ್ಲ ಕೈಗೆಟಕುವಲ್ಲಿ. ಕಾಡಿನಲ್ಲಿ ರಾತ್ರಿಗಳನ್ನು ಕಳೆದ ಕುಟುಂಬಕ್ಕೆ ಅದು ಅಗತ್ಯವಾಗಿತ್ತು. ಏಡಿ ಹಿಡಿಯಲು ಹೊರಟವರ ದೋಣಿಗಳು, ಕಡಲಸಿಂಹಗಳ ಗದ್ದಲ, ಮೀನಿನ ವಾಸನೆ ನನಗೆ ಮಲ್ಪೆಯನ್ನು ಹತ್ತಿರ ತಂದವು.

ಖಾಸಗಿ ಪಾರ್ಕ್‌ಗಳಲ್ಲೂ ತಂಗಿದೆವು. ಅಲ್ಲಿ ಕಡಲಿಗೆ ಮುಖ ಮಾಡಿದ ಮೊದಲ ಸಾಲಿಗೆ ಒಂದು ದರ, ಹಿಂದಿನ ಸಾಲಿಗೆ ಇನ್ನೊಂದು. ಹಣ ಕೊಟ್ಟು ಕಿಟಕಿಯಿಂದಲೇ ಅಲೆ ನೋಡುವ ಸುಖ ಸಣ್ಣದಲ್ಲ, ಮಂಡಿನೋವಿನವರಿಗಂತೂ ಅದು ವರ. ಈ ಪಾರ್ಕ್‌ಗಳನ್ನು ಹಗುರವಾಗಿ ಕಾಣಬಾರದು ಎನ್ನಲು ಮತ್ತೊಂದು ಕಾರಣವಿದೆ. ಅಲ್ಲಿನ ಹಲವರಿಗೆ ಆರ್‌ವಿಯೇ ಮನೆ. ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಕ್ಕ ಹಿರಿಯ ಮಹಿಳೆಯೊಬ್ಬರು ಗಂಡ ತೀರಿಕೊಂಡ ಮೇಲೆ ದೊಡ್ಡ ಮನೆ ಮಾರಿ ಬಂಡಿಗೆ ಬಂದದ್ದನ್ನು ಹೇಳಿದರು. ಬಾಗಿಲ ಬಳಿ ಕುಂಡಗಳಲ್ಲಿ ಜೆರೇನಿಯಂ ಬೆಳೆಸಿದ್ದರು. ಪ್ರವಾಸಿ ಊರುಗಳಲ್ಲಿ ಬಾಡಿಗೆ ಏರಿದಂತೆ ಅಲ್ಲಿ ಕೆಲಸ ಮಾಡುವವರಿಗೂ, ಅಲ್ಲೇ ಬಾಳಿದ ಹಿರಿಯರಿಗೂ ಇಂಥ ಪಾರ್ಕ್‌ಗಳು ಆಸರೆ. ಒಂದು ರಾತ್ರಿಗೆ ಬಂದ ನಾವು ಅವರ ಬೀದಿಯಲ್ಲಿ ನಿಂತ ಅತಿಥಿಗಳು ಎಂಬ ಎಚ್ಚರ ನಮಗಿರಬೇಕು.

ಯಾಹಾಟ್ಸ್ ಊರಿನ ದಕ್ಷಿಣಕ್ಕೆ ಕೇಪ್ ಪರ್ಪೆಚುವಾ. ಅರಣ್ಯ ಇಲಾಖೆಯ ಕ್ಯಾಂಪ್‌ಗ್ರೌಂಡ್ ಅಲ್ಲಿನ ತೊರೆಯ ಪಕ್ಕದ ಕಿರಿದಾದ ಕಣಿವೆಯಲ್ಲಿದೆ. ವಿದ್ಯುತ್ತಿನ ಸಂಪರ್ಕವಿಲ್ಲ, ದೊಡ್ಡ ಬಂಡಿಗಳಿಗೆ ಹೊಂದುವುದಿಲ್ಲ. ನಮ್ಮದು ಹೇಗೋ ಹಿಡಿಸಿತು. ಬ್ಯಾಟರಿ ಉಳಿಸಲು ಬೇಗ ದೀಪ ಆರಿಸಿ, ತೊರೆಯ ಸದ್ದಿಗೆ ಕಿವಿಗೊಟ್ಟೆವು. ಇಡೀ ಪ್ರಯಾಣದಲ್ಲಿ ನಾನು ಅತ್ಯಂತ ಆಳವಾಗಿ ನಿದ್ರಿಸಿದ್ದು ಅಲ್ಲಿ. ಅಲ್ಲಿಂದ ಕಾಡಿನೊಳಗೆ ನಡೆದರೆ 550 ವರ್ಷ ಕಂಡ ಸಿಟ್ಕಾ ಸ್ಪ್ರೂಸ್ ಮರ. ಮೇಲೆ ಹತ್ತಿದರೆ 800 ಅಡಿ ಎತ್ತರದಿಂದ ಕರಾವಳಿಯ ನೋಟ.

ಅದೇ ಭೂಶಿರದ ಇನ್ನೊಂದು ಕಾಲುದಾರಿಗೆ ಅಮಾಂಡಾ ಎಂಬ ಹೆಸರು. 1864ರಲ್ಲಿ ಸೈನಿಕರು ಕೂಸ್ ಕೊಲ್ಲಿಯ ಕಡೆಯಿಂದ ಮೂಲನಿವಾಸಿಗಳನ್ನು ಹಿಡಿದು ಯಾಹಾಟ್ಸ್‌ನ ಮೀಸಲು ನೆಲೆಗೆ ನಡೆಸಿಕೊಂಡು ಬಂದರು. ಅವರಲ್ಲಿ ಕುರುಡಿಯಾಗಿದ್ದ ವೃದ್ಧೆ ಅಮಾಂಡಾಳ ಕಾಲುಗಳು ಚೂಪು ಬಂಡೆಗಳಿಗೆ ಸೀಳಿ ರಕ್ತ ಸುರಿದದ್ದನ್ನು ಜೊತೆಗಿದ್ದ ಸೈನಿಕನೇ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಎಲ್ಲರದೂ ಆದ ಮರಳಿನ ಹಕ್ಕನ್ನು ಮೆಚ್ಚುವಾಗ, ಈ ನೆಲವನ್ನು ಯಾರಿಂದ ಕಿತ್ತುಕೊಳ್ಳಲಾಯಿತು ಎಂಬುದನ್ನು ಮರೆಯಬಾರದು. ಕೂಸ್ ಕೊಲ್ಲಿಯ ಬಳಿ ನಾವು ತಂಗಿದ್ದು ಕೊಕೀಲ್ ಬುಡಕಟ್ಟಿನ ಒಡೆತನದ ಕ್ಯಾಸಿನೋದ ಆರ್‌ವಿ ಪಾರ್ಕ್‌ನಲ್ಲಿ. ಹಳೆಯ ಮರದ ಮಿಲ್ಲಿನ ಜಾಗವದು. 1954ರ ಕಾನೂನೊಂದು ಆ ಬುಡಕಟ್ಟಿನ ಸರ್ಕಾರಿ ಮಾನ್ಯತೆಯನ್ನೇ ಅಳಿಸಿತ್ತು. ಹೋರಾಡಿ 1989ರಲ್ಲಿ ಅದನ್ನು ಮರಳಿ ಪಡೆದರು. ಕೊಲ್ಲಿಯ ದಂಡೆಯಲ್ಲಿ ಅವರಿಗೆ ಬಾಡಿಗೆ ಕೊಟ್ಟು ತಂಗಿದ್ದು ನನಗೆ ಸರಿಯಾದ ಆಯ್ಕೆ ಎನ್ನಿಸಿತು.

ದಕ್ಷಿಣಕ್ಕೆ ಸಾಗಿದಂತೆ ಕರಾವಳಿ ಇನ್ನಷ್ಟು ಒರಟಾಗುತ್ತದೆ. ಕೇಪ್ ಬ್ಲಾಂಕೋದಲ್ಲಿ 1870ರಿಂದ ಬೆಳಗುತ್ತಿರುವ ದೀಪಸ್ತಂಭದ ಬಳಿ ಗಾಳಿಗೆ ನಿಲ್ಲಲು ಕಷ್ಟ. ಆದರೆ ಕ್ಯಾಂಪ್‌ಗ್ರೌಂಡನ್ನು ಸ್ವಲ್ಪ ಒಳಗೆ, ದಟ್ಟ ಮರಗಳ ಮರೆಯಲ್ಲಿ ಮಾಡಿದ್ದಾರೆ. ಅಲ್ಲಿನ ಕ್ಯಾಂಪ್ ಹೋಸ್ಟ್ ನಿವೃತ್ತ ದಂಪತಿ. ತಮ್ಮ ಬಂಡಿ ನಿಲ್ಲಿಸಲು ಜಾಗ ಪಡೆದು, ಪ್ರತಿಯಾಗಿ ಉದ್ಯಾನದ ಕೆಲಸ ಮಾಡಿಕೊಡುವ ಸ್ವಯಂಸೇವಕರು. ಸೌದೆ ಮಾರುತ್ತ, ದೂರದ ಸೌದೆ ತರಬೇಡಿ, ಅದರೊಳಗಿನ ಹುಳ ಇಲ್ಲಿನ ಕಾಡಿಗೆ ಹಬ್ಬುತ್ತದೆ ಎಂದು ಬಂದವರಿಗೆಲ್ಲ ತಾಳ್ಮೆಯಿಂದ ತಿಳಿಹೇಳುತ್ತಿದ್ದರು. ಸೈಕಲ್ಲಿನಲ್ಲಿ ಬರುವವರಿಗೆ, ನಡೆದು ಬರುವವರಿಗೆ ಇಂಥ ಉದ್ಯಾನಗಳಲ್ಲಿ ಪ್ರತ್ಯೇಕ ಜಾಗವಿದೆ. ಅವರು ಮೊದಲೇ ಕಾದಿರಿಸಬೇಕಿಲ್ಲ, ಕೊಡಬೇಕಾದದ್ದೂ ಕಡಿಮೆ. ದೊಡ್ಡ ಬಂಡಿಯವರ ಪಕ್ಕದಲ್ಲೇ ಅವರೂ ಮಲಗುತ್ತಾರೆ.

ಬ್ರೂಕಿಂಗ್ಸ್‌ಗೆ ಮುನ್ನ ಸ್ಯಾಮ್ಯುಯೆಲ್ ಬೋರ್ಡ್‌ಮನ್ ಅವರ ಹೆಸರಿನ 12 ಮೈಲಿಯ ಕರಾವಳಿ. ಕಡಲಿನಿಂದೆದ್ದ ಬಂಡೆಗಳು, ಕಮಾನುಗಳು, ಪುಟ್ಟ ಕೊಲ್ಲಿಗಳು. ನಾನು ನೋಡಿದ ಕಡಲಂಚುಗಳಲ್ಲೇ ಅತಿ ಸುಂದರವಾದದ್ದು. ಅಷ್ಟುದ್ದದಲ್ಲಿ ಎಲ್ಲೂ ಕ್ಯಾಂಪ್‌ಗ್ರೌಂಡ್ ಇಲ್ಲ. ಕಾರು ನಿಲ್ಲಿಸಿ ನಡೆಯಬಹುದು, ಕತ್ತಲಾಗುವ ಹೊತ್ತಿಗೆ ಹೊರಡಬೇಕು. ತಂಗಲು ಮುಂದಿನ ಹ್ಯಾರಿಸ್ ಬೀಚ್‌ಗೆ ಹೋಗಬೇಕು. ಉದ್ಯಾನಗಳನ್ನು ಕಟ್ಟಿದ ಮನುಷ್ಯನ ನೆನಪಿಗೆ ಯಾರೂ ಮಲಗದ ಕರಾವಳಿಯನ್ನು ಮೀಸಲಿಟ್ಟದ್ದು ನನಗೆ ಬಹಳ ಉಚಿತವಾಗಿ ಕಂಡಿತು.

ಬ್ರೂಕಿಂಗ್ಸ್‌ನ ಗ್ರಂಥಾಲಯದಲ್ಲಿ ಒಂದು ಸಮುರಾಯ್ ಖಡ್ಗವಿದೆ. ಫೋರ್ಟ್ ಸ್ಟೀವನ್ಸ್‌ಗೆ ಗುಂಡು ಹಾರಿಸಿದ ಅದೇ ಐ-25 ಜಲಾಂತರ್ಗಾಮಿ 1942ರ ಸೆಪ್ಟೆಂಬರಿನಲ್ಲಿ ಇಲ್ಲಿಗೆ ಬಂದಿತ್ತು. ಅದರಿಂದ ಹಾರಿದ ಪುಟ್ಟ ವಿಮಾನದ ಚಾಲಕ ನೊಬುವೊ ಫುಜಿತಾ ಹತ್ತಿರದ ಕಾಡಿನ ಮೇಲೆ ಬೆಂಕಿ ಬಾಂಬು ಹಾಕಿದ. ಇಪ್ಪತ್ತು ವರ್ಷಗಳ ಬಳಿಕ, 1962ರಲ್ಲಿ, ಊರಿನವರು ಆತನನ್ನು ಅತಿಥಿಯಾಗಿ ಕರೆಸಿಕೊಂಡರು. ಆತ ತನ್ನ ಮನೆತನದ ಹಳೆಯ ಖಡ್ಗವನ್ನು ಊರಿಗೆ ಒಪ್ಪಿಸಿದ. ಕಡಲ ದಾರಿಯಲ್ಲಿ ಬಂದವನನ್ನು, ಅವನು ಶತ್ರುವಾಗಿದ್ದರೂ, ಅತಿಥಿಯಾಗಿ ಕಾಣುವ ಗುಣ ಆ ಊರಿಗಿತ್ತು.

ಈ ದಾರಿಯಲ್ಲಿ ಹೊರಡುವ ನಮ್ಮವರಿಗೆ ನಾನು ಹೇಳಬೇಕಾದದ್ದು ಹೀಗೆ. ಕಡಲಿನ ರಾತ್ರಿಗಳನ್ನು ರಾಜ್ಯದ ಉದ್ಯಾನಗಳಲ್ಲಿ ಕಳೆಯಿರಿ. ಆರು ತಿಂಗಳ ಮೊದಲೇ, ವಾರದ ನಡುವಿನ ದಿನಗಳಿಗೆ ಕಾದಿರಿಸಿ. ಕಾಡಿನ ನಿದ್ರೆಗೆ ಒಂದೆರಡು ರಾತ್ರಿ ಅರಣ್ಯ ಇಲಾಖೆಯ ತಾಣ, ಬಟ್ಟೆ ಒಗೆದು ಟ್ಯಾಂಕು ಬರಿದು ಮಾಡಲು ಬಂದರಿನದೋ ಖಾಸಗಿಯದೋ ಪಾರ್ಕು. ಜಾಗದ ಉದ್ದ, ಗಾಳಿಯ ಮರೆ, ರಸ್ತೆಯ ಸದ್ದು, ಎತ್ತರಕ್ಕೆ ಓಡುವ ದಾರಿ ಇವಿಷ್ಟನ್ನು ನಕ್ಷೆಯಲ್ಲೇ ನೋಡಿಕೊಳ್ಳಿ. ಬೀಚ್‌ಸೈಡ್, ಟಿಲಿಕಮ್‌ನಂಥ ಕೆಲವು ಕಡೆ ಸರ್ಕಾರಿ ತಾಣಗಳಲ್ಲೂ ನೀರಂಚಿನ ಜಾಗ ಸಿಗುತ್ತದೆ. ಸಿಗದಿದ್ದರೆ ಏನೂ ಕಳೆದುಕೊಂಡ ಹಾಗಲ್ಲ.

ಬಿಡಾರಕ್ಕೂ ಅಲೆಗೂ ನಡುವೆ ಬಿಟ್ಟ ಆ ದಿಬ್ಬ, ಆ ಮರಗಳ ಸಾಲು ಖಾಲಿ ಜಾಗವಲ್ಲ. ಗಾಳಿ ತಡೆಯುವುದು ಅದು, ಕೊರೆತವನ್ನು ತಾಳಿಕೊಳ್ಳುವುದು ಅದು. ಮೊದಲ ಸಾಲಿನವರು, ಹಿಂದಿನ ಸಾಲಿನವರು ಎಂಬ ಭೇದ ಏಳದಂತೆ ನೋಡಿಕೊಳ್ಳುವುದೂ ಅದೇ. ಅದನ್ನು ಕಾಯುವ ಉದ್ಯಾನಗಳು ನಡೆಯುವುದು ಸಾಮಾನ್ಯ ತೆರಿಗೆಯಿಂದಲ್ಲ. ತಂಗಿದವರ ಶುಲ್ಕದಿಂದ, ಆರ್‌ವಿಗಳ ನೋಂದಣಿ ಹಣದಿಂದ, 1998ರಲ್ಲಿ ಮತದಾರರೇ ಒಪ್ಪಿ ಮೀಸಲಿಟ್ಟ ಲಾಟರಿ ಹಣದ ಪಾಲಿನಿಂದ. ಒಂದು ರಾತ್ರಿಯ ಬಾಡಿಗೆ ಕೊಟ್ಟ ಪ್ರತಿ ಪ್ರವಾಸಿಯೂ ಆ ಮರಳನ್ನು ಬೇಲಿಯಿಲ್ಲದೆ ಉಳಿಸುವ ಕೆಲಸದಲ್ಲಿ ಪಾಲುದಾರ. ಅದನ್ನು ಸಂತೋಷದಿಂದ ಕೊಡಿ. ನಮ್ಮ ಕರಾವಳಿಗೆ ಮರಳಿದ ಮೇಲೆ, ಅಲ್ಲಿ ಹೊಸದೊಂದು ರೆಸಾರ್ಟೋ ಕ್ಯಾಂಪೋ ತಲೆಯೆತ್ತುವಾಗ, ಕಡಲಿಗೂ ಕಟ್ಟಡಕ್ಕೂ ನಡುವೆ ಎಷ್ಟು ಬಿಟ್ಟಿದ್ದೀರಿ, ಮೀನುಗಾರರೂ ಮಕ್ಕಳೂ ಅದನ್ನು ದಾಟಿ ಹೋಗಲು ದಾರಿ ಇದೆಯೇ ಎಂದು ಕೇಳಿ. ತಂಗುವ ಜಾಗ ಆರಿಸುವಾಗ ಈ ಪ್ರಶ್ನೆ ಕೇಳುವ ಅತಿಥಿಗಳು ಹೆಚ್ಚಿದರೆ, ಕಟ್ಟುವವರೂ ಅದಕ್ಕೆ ಉತ್ತರ ಸಿದ್ಧಮಾಡಿಕೊಂಡೇ ಕಟ್ಟಬೇಕಾಗುತ್ತದೆ.